ನಾಲ್ಕು ಅಕ್ಷರದಲ್ಲಿ ಮಗನ ಸ್ವಭಾವ ಸಿಗುತ್ತದಾ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ಇದ್ದೇವೆ. ಊರು ಕುಂದಾಪುರದ ಕಡೆ. ಯಜಮಾನರು ಠಾಣೆಯಲ್ಲಿ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ಮಗನಿಗೆ 19 ವರ್ಷ, ಬಿ.ಕಾಂ. ಎರಡನೇ ವರ್ಷ. ಗೆಳೆಯರ ಜೊತೆ ಮೊಬೈಲಿನಲ್ಲಿ ಒಂದು ಪರ್ಸನಾಲಿಟಿ ಟೆಸ್ಟ್ ಮಾಡಿದ. ‘ಐಎನ್‌ಎಫ್‌ಪಿ’ ಅಂತ ಬಂತಂತೆ. ಅಂದಿನಿಂದ ಎಲ್ಲದಕ್ಕೂ ಅದೇ ಉತ್ತರ. ನೆಂಟರ ಮನೆಗೆ ಬಾ ಅಂದರೆ ‘ನಾನು ಇಂಟ್ರೋವರ್ಟ್’. ಸೇಲ್ಸ್ ಕೆಲಸಕ್ಕೆ ಅರ್ಜಿ ಹಾಕು ಅಂದರೆ ‘ನನ್ನ ಟೈಪ್ ಅದಕ್ಕಲ್ಲ’. ಆದರೆ ನಮ್ಮ ಬಿಲ್ಡಿಂಗಿನ ಗಣಪತಿಗೆ ಮೈಕ್ ಹಿಡಿಯುವವನು ಅವನೇ! ಯಾವುದು ನಿಜವಾದ ಅವನು? ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ ನಮ್ಮ ಅತ್ತೆ. ನಾನು ಬೆಳೆಸಿದ್ದೇ ಸರಿಯಿಲ್ಲ ಅನ್ನುತ್ತಾರೆ ಯಜಮಾನರು. ಅದೇ ಮನೆಯಲ್ಲಿ ಬೆಳೆದ ಮಗಳು ಬಾಯಿ ಮುಚ್ಚುವುದೇ ಇಲ್ಲ. ಇದಕ್ಕೆ ಮನಶ್ಶಾಸ್ತ್ರದಲ್ಲಿ ಉತ್ತರ ಇದೆಯಾ?

ಉತ್ತರ: ನೆಂಟರ ಮನೆಯಲ್ಲಿ ಸುಮ್ಮನೆ ಕೂರುವವನೂ ನಿಮ್ಮ ಮಗನೇ, ಮೈಕ್ ಹಿಡಿಯುವವನೂ ನಿಮ್ಮ ಮಗನೇ. ಎರಡೂ ನಿಜ. ಎಲ್ಲಿ ಮಾತಾಡುತ್ತಾನೆ, ಎಲ್ಲಿ ಬಾಯಿ ಕಟ್ಟುತ್ತದೆ, ಯಾರ ಮುಂದೆ ಹೇಗಿರುತ್ತಾನೆ ಅನ್ನುವುದನ್ನು ಸೇರಿಸಿ ನೋಡಿದಾಗ ಅವನ ಸ್ವಭಾವ ತಿಳಿಯುತ್ತದೆ. ಮೊಬೈಲಿನ ಟೆಸ್ಟ್ ಈ ‘ಎಲ್ಲಿ’, ‘ಯಾರ ಮುಂದೆ’ ಅನ್ನುವುದನ್ನು ಕೇಳುವುದೇ ಇಲ್ಲ. ವಿಷಯ ದೊಡ್ಡದು, ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಆ ಟೆಸ್ಟಿನ ಮೂಲ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮನುಷ್ಯರ ಮಾದರಿಗಳ ಬಗ್ಗೆ ಒಂದು ಪುಸ್ತಕ ಬರೆದರು. ಅಂತರ್ಮುಖಿ (ಇಂಟ್ರೋವರ್ಟ್), ಬಹಿರ್ಮುಖಿ (ಎಕ್ಸ್‌ಟ್ರೋವರ್ಟ್) ಅನ್ನುವ ಮಾತು ಹರಡಿದ್ದು ಅಲ್ಲಿಂದ. ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಯೂಂಗ್ ಅವರ ವಿಚಾರವನ್ನು ಹಿಡಿದು ಎರಡನೇ ಮಹಾಯುದ್ಧದ ಕಾಲದಲ್ಲಿ ಒಂದು ಪ್ರಶ್ನಾವಳಿ ಮಾಡಿದರು. ಇಬ್ಬರೂ ಮನಶ್ಶಾಸ್ತ್ರವನ್ನು ಕ್ರಮವಾಗಿ ಓದಿದವರಲ್ಲ. ಯಾರಿಗೆ ಯಾವ ಕೆಲಸ ಒಗ್ಗುತ್ತದೆ ಅಂತ ಕಂಡುಹಿಡಿಯಬೇಕು ಅನ್ನುವ ಕಾಳಜಿ ಅವರದು. ನಾಲ್ಕು ಜೋಡಿ ಗುಣಗಳು, ಪ್ರತಿ ಜೋಡಿಯಲ್ಲಿ ಒಂದು ನಿಮ್ಮದು, ಅದಕ್ಕೊಂದು ಅಕ್ಷರ. ನಿಮ್ಮ ಮಗನ ‘ಐ’ ಅಂದರೆ ಇಂಟ್ರೋವರ್ಟ್. ಹಾಗೆ 16 ಮಾದರಿ. ಫೋನಿನಲ್ಲಿ ಪುಕ್ಕಟೆ ಸಿಗುವ ಟೆಸ್ಟ್‌ಗಳು ಇದನ್ನೇ ನೋಡಿ ಮಾಡಿದವು.

ತೊಂದರೆ ಇರುವುದು ಈ ‘ಎರಡರಲ್ಲಿ ಒಂದು’ ಅನ್ನುವುದರಲ್ಲಿ. ಜನರನ್ನು ಉದ್ದ, ಗಿಡ್ಡ ಅಂತ ಎರಡೇ ಗುಂಪು ಮಾಡಿದರೆ ಹೇಗಿರುತ್ತದೆ? ಹೆಚ್ಚಿನವರು ನಡುವೆಯೇ ಇರುತ್ತಾರೆ. ಗೆರೆಯ ಆಚೆ ಒಂದು ಅಂಗುಲ ಇದ್ದವನಿಗೂ ಈಚೆ ಒಂದು ಅಂಗುಲ ಇದ್ದವನಿಗೂ ಬೇರೆ ಬೇರೆ ಹೆಸರು ಬೀಳುತ್ತದೆ. ಅಂತರ್ಮುಖಿ, ಬಹಿರ್ಮುಖಿ ಅನ್ನುವುದೂ ಹಾಗೆಯೇ. ಅದಕ್ಕೇ ಕೆಲವು ವಾರ ಬಿಟ್ಟು ಅದೇ ಟೆಸ್ಟ್ ಮಾಡಿದರೆ ಎಷ್ಟೋ ಜನರಿಗೆ ಒಂದಾದರೂ ಅಕ್ಷರ ಬದಲಾಗಿರುತ್ತದೆ. ಕೆಲಸಕ್ಕೆ ಜನರನ್ನು ಆರಿಸಲು ಇದನ್ನು ಬಳಸಬೇಡಿ ಅಂತ ಮೂಲ ಟೆಸ್ಟನ್ನು ಮಾರುವ ಕಂಪನಿಯೇ ಹೇಳುತ್ತದೆ. ಹಾಗಿರುವಾಗ ಒಂದು ಕೆಲಸಕ್ಕೆ ಅರ್ಜಿಯನ್ನೇ ಹಾಕದಿರಲು ಅದು ಕಾರಣ ಆಗಬಾರದು, ಅಲ್ವಾ?

ಆದರೆ ‘ನನ್ನ ಬಗ್ಗೆ ಎಷ್ಟು ಸರಿಯಾಗಿ ಬರೆದಿದ್ದಾರೆ ನೋಡಮ್ಮ’ ಅಂತ ಅವನು ನಿಮಗೆ ಓದಿ ತೋರಿಸಿರಬಹುದು. ಅದಕ್ಕೂ ಕಾರಣ ಇದೆ. 1948ರಲ್ಲಿ ಬರ್ಟ್ರಾಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞರು 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ಆಮೇಲೆ ಪ್ರತಿಯೊಬ್ಬರ ಕೈಗೂ ‘ಇದು ನಿಮ್ಮ ವ್ಯಕ್ತಿತ್ವ’ ಅಂತ ಒಂದು ಹಾಳೆ ಕೊಟ್ಟರು. ಎಷ್ಟು ಸರಿಯಿದೆ ಅಂತ 5ಕ್ಕೆ ಅಂಕ ಹಾಕಿ ಅಂದರು. ಸರಾಸರಿ 4.26 ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ಅದರ ಹೆಚ್ಚಿನ ಸಾಲುಗಳನ್ನು ಒಂದು ಜ್ಯೋತಿಷ್ಯದ ಪುಸ್ತಕದಿಂದ ತೆಗೆದಿದ್ದರು. ‘ನೀವು ಹೊರಗೆ ಗಟ್ಟಿ, ಒಳಗೆ ಚಿಂತೆ ಮಾಡುವವರು’ ಎಂಬಂಥ ಮಾತು ಯಾರಿಗೆ ತಾನೇ ಹೊಂದುವುದಿಲ್ಲ?

ಇಷ್ಟಾದರೂ ಮಗನನ್ನು ಇದಕ್ಕಾಗಿ ಹಂಗಿಸಬೇಡಿ. ಎರಿಕ್ ಎರಿಕ್ಸನ್ 1950ರಲ್ಲಿ ಮನುಷ್ಯನ ಬದುಕನ್ನು ಎಂಟು ಹಂತಗಳಾಗಿ ವಿವರಿಸಿದರು. ಹರೆಯದ ಹಂತದ ಮುಖ್ಯ ಕೆಲಸ ‘ನಾನು ಯಾರು’ ಅನ್ನುವುದಕ್ಕೆ ಉತ್ತರ ಹುಡುಕುವುದು. ನಿಮ್ಮ ಮಗ ಅದರ ನಡುವೆಯೇ ಇದ್ದಾನೆ. ಮನೆಯಲ್ಲಿ ಕುಂದಾಪುರದವನು, ಕಾಲೇಜಿನಲ್ಲಿ ಮುಂಬಯಿಯವನು, ಊರಿಗೆ ಹೋದರೆ ‘ಬೊಂಬಾಯಿ ಹುಡುಗ’. ಅಂಥವನಿಗೆ ಯಾರೋ ಒಂದು ಹೆಸರು ಕೊಟ್ಟರೆ ಸಮಾಧಾನ ಆಗುವುದು ಸಹಜ. ಅವನು ಕೇಳುತ್ತಿರುವ ಪ್ರಶ್ನೆ ಒಳ್ಳೆಯದು. ಸಿಕ್ಕ ಉತ್ತರ ಮಾತ್ರ ತೀರಾ ಚಿಕ್ಕದು.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರೋಣ. ವ್ಯಕ್ತಿತ್ವದ ಬಗ್ಗೆ ಮನಶ್ಶಾಸ್ತ್ರದಲ್ಲಿ ಒಂದೇ ಸಿದ್ಧಾಂತ ಇಲ್ಲ, ಹಲವು ಇವೆ. ವಿದ್ಯಾರ್ಥಿಗಳಿಗೆ ಇದನ್ನು ಹೇಳಿಕೊಡುವಾಗ ನಾನು ಮೊದಲು ಕೇಳಲು ಹೇಳುವುದು ಇಷ್ಟೇ: ಈ ಸಿದ್ಧಾಂತ ಮಾಡಿದವರು ಯಾರನ್ನು ನೋಡುತ್ತಿದ್ದರು? ಅದು ಗೊತ್ತಾದರೆ ಅವರು ಹೇಳಿದ್ದರಲ್ಲಿ ಎಷ್ಟನ್ನು ತೆಗೆದುಕೊಳ್ಳಬೇಕು, ಎಷ್ಟನ್ನು ಬಿಡಬೇಕು ಅನ್ನುವುದು ತಿಳಿಯುತ್ತದೆ.

ಸಿಗ್ಮಂಡ್ ಫ್ರಾಯ್ಡ್ ನೋಡಿದ್ದು ವಿಯೆನ್ನಾ ನಗರದಲ್ಲಿ ತಮ್ಮ ಹತ್ತಿರ ಬಂದ ರೋಗಿಗಳನ್ನು. ಮನಸ್ಸಿನೊಳಗೆ ಜಗಳ ಇರುವವರನ್ನೇ ದಿನವೂ ಕಂಡವರಿಗೆ ವ್ಯಕ್ತಿತ್ವ ಅಂದರೆ ಒಳಗಿನ ಜಗಳ ಅಂತಲೇ ತೋರಿತು. 1923ರಲ್ಲಿ ಅವರು ಅದಕ್ಕೆ ಮೂರು ಭಾಗ ಹೇಳಿದರು. ಬೇಕು ಬೇಕು ಅನ್ನುವ ಇಡ್, ತಪ್ಪು ತಪ್ಪು ಅನ್ನುವ ಸೂಪರ್ ಈಗೋ, ಇವೆರಡರ ಜೊತೆಗೆ ಹೊರಗಿನ ಲೋಕವನ್ನೂ ಸಂಭಾಳಿಸುವ ಈಗೋ. ನಮಗೇ ಗೊತ್ತಿಲ್ಲದ ಕಾರಣಗಳು ನಮ್ಮನ್ನು ನಡೆಸುತ್ತವೆ ಅನ್ನುವ ಅವರ ಮಾತು ಇವತ್ತಿಗೂ ಉಳಿದಿದೆ. ಆದರೆ ಅವರ ಎಷ್ಟೋ ವಿವರಣೆಗಳನ್ನು ಪರೀಕ್ಷೆ ಮಾಡಿ ಸರಿ, ತಪ್ಪು ಅನ್ನಲು ಆಗುವುದಿಲ್ಲ. ನಿಮ್ಮ ಮಗನ ವಿಷಯದಲ್ಲಿ ಫ್ರಾಯ್ಡ್ ಅವರಿಂದ ಹೆಚ್ಚು ಸಹಾಯ ಸಿಗದು.

ಬಿ.ಎಫ್. ಸ್ಕಿನ್ನರ್ ನೋಡಿದ್ದು ಪ್ರಯೋಗಶಾಲೆಯ ಇಲಿ, ಪಾರಿವಾಳಗಳನ್ನು. ಯಾವ ನಡವಳಿಕೆಗೆ ಒಳ್ಳೆಯ ಫಲ ಸಿಗುತ್ತದೋ ಅದು ಹೆಚ್ಚುತ್ತದೆ, ಯಾವುದಕ್ಕೆ ಪೆಟ್ಟು ಬೀಳುತ್ತದೋ ಅದು ಕಡಿಮೆಯಾಗುತ್ತದೆ ಅನ್ನುವುದು ಅವರ ಲೆಕ್ಕ. ಮನುಷ್ಯ ಇಷ್ಟೇ ಅಂತ ನಾನು ಒಪ್ಪುವುದಿಲ್ಲ. ಆದರೆ ಒಂದು ಸಲ ಯೋಚನೆ ಮಾಡಿ. ನಿಮ್ಮ ಮಗ ಚಿಕ್ಕವನಿದ್ದಾಗ ನೆಂಟರ ಮುಂದೆ ಕನ್ನಡ ಮಾತಾಡಿದರೆ ಏನಾಗುತ್ತಿತ್ತು? ನಡುವೆ ಮರಾಠಿ, ಹಿಂದಿ ಸೇರಿಕೊಂಡಾಗ ಎಲ್ಲರೂ ನಕ್ಕರಾ? ಪ್ರೀತಿಯಿಂದಲೇ ನಕ್ಕಿರಬಹುದು. ಮಗುವಿಗೆ ಅದು ಪೆಟ್ಟೇ. ಮುಂಬಯಿಯ ನಮ್ಮ ಮನೆಗಳಲ್ಲಿ ಇದು ಸಾಮಾನ್ಯ. ಎಷ್ಟೋ ಮಕ್ಕಳು ನಾಚಿಕೆ ಸ್ವಭಾವದವರು ಅನ್ನಿಸಿಕೊಂಡದ್ದು ಹೀಗೆ.

ಆಲ್ಬರ್ಟ್ ಬಂಡೂರಾ ಇಲ್ಲಿಂದ ಮುಂದೆ ಹೋದರು. ಫಲವಷ್ಟೇ ಅಲ್ಲ, ಬೇರೆಯವರನ್ನು ನೋಡಿಯೂ ಕಲಿಯುತ್ತೇವೆ ಅಂತ 1961ರ ಪ್ರಯೋಗದಲ್ಲಿ ತೋರಿಸಿದರು. ದೊಡ್ಡವರು ಬೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ತಾವೂ ಹೊಡೆದರು. ನನಗೆ ಅವರ 1977ರ ಮಾತು ಇನ್ನೂ ಮುಖ್ಯ ಅನಿಸುತ್ತದೆ. ‘ಇದು ನನ್ನಿಂದ ಆಗುತ್ತದೆ’ ಅನ್ನುವ ನಂಬಿಕೆ ಒಬ್ಬ ಮನುಷ್ಯನಿಗೆ ಒಟ್ಟಾಗಿ ಇರುವಂಥದ್ದಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ಪ್ರಮಾಣದಲ್ಲಿ ಇರುತ್ತದೆ. ಮೈಕಿನಲ್ಲಿ ಆರತಿಯ ಹೊತ್ತು ಹೇಳಲು ಧೈರ್ಯ ಇದೆ, ದೊಡ್ಡಮ್ಮನ ಹತ್ತಿರ ಯೋಗಕ್ಷೇಮ ಮಾತಾಡಲು ಇಲ್ಲ. ಇದರಲ್ಲಿ ವಿಚಿತ್ರ ಏನೂ ಇಲ್ಲ.

ಕಾರ್ಲ್ ರೋಜರ್ಸ್ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಸಲಹಾ ಕೇಂದ್ರ ನಡೆಸಿದವರು. ಕಷ್ಟ ಹೇಳಿಕೊಳ್ಳಲು ಬಂದವರ ಮಾತನ್ನು ಗಂಟೆಗಟ್ಟಲೆ ಕೇಳಿದವರು. ‘ನೀನು ಹೀಗಿದ್ದರೆ ಮಾತ್ರ ನಮಗೆ ಇಷ್ಟ’ ಅನ್ನುವ ಷರತ್ತು ಕೇಳುತ್ತಾ ಬೆಳೆದವರು ತಮ್ಮನ್ನು ತಾವೇ ಮುಚ್ಚಿಕೊಳ್ಳುತ್ತಾರೆ ಅಂತ ಅವರು ಕಂಡರು. ‘ತಂಗಿಯನ್ನು ನೋಡಿ ಕಲಿ’ ಅನ್ನುವ ಮಾತು ನಿಮ್ಮ ಮನೆಯಲ್ಲಿ ಬರುತ್ತಿದ್ದರೆ ಇವತ್ತೇ ನಿಲ್ಲಿಸಿ.

ಇನ್ನೊಂದು ದಾರಿ ಇದೆ. ಇವತ್ತು ಹೆಚ್ಚಿನ ಸಂಶೋಧನೆ ನಡೆಯುವುದು ಇದರಲ್ಲೇ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್ಬರ್ಟ್ ರೋಗಿಗಳನ್ನೂ ನೋಡಲಿಲ್ಲ, ಇಲಿಗಳನ್ನೂ ನೋಡಲಿಲ್ಲ. ಇಂಗ್ಲಿಷ್ ನಿಘಂಟನ್ನು ತೆಗೆದುಕೊಂಡು ಕೂತರು. ಮುಂಗೋಪಿ, ಜಿಪುಣ, ಹಸನ್ಮುಖಿ ಅಂತೆಲ್ಲ ನಾವು ಅನ್ನುತ್ತೇವಲ್ಲ, ಅಂಥ ಮಾತುಗಳನ್ನು ಹೆಕ್ಕಿದರು. ಜನರಿಗೆ ಮುಖ್ಯವಾದ ಗುಣಕ್ಕೆ ಭಾಷೆಯಲ್ಲಿ ಒಂದು ಹೆಸರು ಇದ್ದೇ ಇರುತ್ತದೆ ಅನ್ನುವುದು ಅವರ ನಂಬಿಕೆ. ಸುಮಾರು 18,000 ಪದ ಸಿಕ್ಕವು. ಅದರಲ್ಲಿ ಸ್ಥಿರವಾದ ಗುಣ ಅನ್ನಬಹುದಾದವು 4,500ರಷ್ಟು. ರೇಮಂಡ್ ಕ್ಯಾಟೆಲ್ ಅದನ್ನು ಗಣಿತದಿಂದ ಸೋಸಿ 16ಕ್ಕೆ ತಂದರು. ಮುಂದೆ ಲೂಯಿಸ್ ಗೋಲ್ಡ್‌ಬರ್ಗ್, ಪಾಲ್ ಕೋಸ್ಟಾ, ರಾಬರ್ಟ್ ಮೆಕ್ರೇ ಮುಂತಾದವರ ಕೆಲಸದಿಂದ ಐದು ಗುಣಗಳು ಗಟ್ಟಿಯಾಗಿ ನಿಂತವು. ಹೊಸತಿನ ಬಗ್ಗೆ ಕುತೂಹಲ, ಶಿಸ್ತು ಮತ್ತು ಜವಾಬ್ದಾರಿ, ಜನರ ನಡುವೆ ಹುರುಪು, ಬೇರೆಯವರೊಂದಿಗೆ ಹೊಂದಿಕೊಳ್ಳುವುದು, ಬೇಗ ಕಳವಳಗೊಳ್ಳುವುದು. ಇದನ್ನು ಬಿಗ್ ಫೈವ್ ಅನ್ನುತ್ತಾರೆ. ಇಲ್ಲಿ ಯಾರನ್ನೂ ಗುಂಪಿಗೆ ಸೇರಿಸುವುದಿಲ್ಲ. ಐದೂ ಎಲ್ಲರಲ್ಲಿ ಇರುತ್ತವೆ, ಪ್ರಮಾಣ ಬೇರೆ ಬೇರೆ. ನಮ್ಮ ಹಳೆಯ ಸಾಂಖ್ಯ ದರ್ಶನದವರು ಹೇಳಿದ ಸತ್ವ, ರಜಸ್ಸು, ತಮಸ್ಸು ಕೂಡ ಎಲ್ಲರಲ್ಲೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿರುವ ಗುಣಗಳೇ. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಬೆರಕೆ ಅನ್ನುವ ಯೋಚನೆ ನಮಗೆ ಹೊಸದಲ್ಲ ಅಂದೆ, ಅಷ್ಟೇ.

(ಆಧುನಿಕ ಮನಶ್ಶಾಸ್ತ್ರವೂ ಕನ್ನಡಿಗರಿಗೆ ತೀರಾ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ಈ ವಿಭಾಗ ಕಟ್ಟಿದರು. ಮೈಸೂರಿನಲ್ಲಿ ‘ಆಕಾಶವಾಣಿ’ ಅನ್ನುವ ಹೆಸರಿನಲ್ಲಿ ರೇಡಿಯೋ ಕೇಂದ್ರ ಶುರು ಮಾಡಿದವರೂ ಅವರೇ.)

ಇಲ್ಲಿಗೆ ಕತೆ ಮುಗಿಯಬಹುದಿತ್ತು. ಆದರೆ 1968ರಲ್ಲಿ ವಾಲ್ಟರ್ ಮಿಷೆಲ್ ಒಂದು ಪುಸ್ತಕ ಬರೆದು ಇಡೀ ಕ್ಷೇತ್ರವನ್ನೇ ಅಲುಗಾಡಿಸಿದರು. ಒಂದು ಸನ್ನಿವೇಶದ ನಡವಳಿಕೆ ನೋಡಿ ಇನ್ನೊಂದನ್ನು ಊಹಿಸಲು ಹೋದರೆ ತಾಳೆ ಸುಮಾರು 0.3 ಮಾತ್ರ ಅಂತ ತೋರಿಸಿದರು. ಪೂರ್ತಿ ತಾಳೆ ಬಿದ್ದರೆ ಅದು 1 ಇರಬೇಕಿತ್ತು. ಹಾಗಾದರೆ ಸ್ವಭಾವ ಅನ್ನುವುದೇ ಸುಳ್ಳಾ? ವರ್ಷಗಟ್ಟಲೆ ವಾದ ನಡೆಯಿತು. ಒಂದು ದಿನದ್ದನ್ನು ಬಿಟ್ಟು ಹಲವು ದಿನಗಳ ಸರಾಸರಿ ತೆಗೆದರೆ ಸ್ವಭಾವ ಸ್ಥಿರವಾಗಿಯೇ ಕಾಣುತ್ತದೆ ಅಂತ ಸೀಮೋರ್ ಎಪ್‌ಸ್ಟೀನ್ 1979ರಲ್ಲಿ ತೋರಿಸಿದರು.

ಮಿಷೆಲ್ ಅವರೂ ಸುಮ್ಮನಿರಲಿಲ್ಲ. ಯುಇಚಿ ಶೋಡಾ ಮುಂತಾದವರ ಜೊತೆ ಸೇರಿ ಮಕ್ಕಳ ಬೇಸಿಗೆ ಶಿಬಿರವೊಂದರಲ್ಲಿ ಗಮನಿಸಿದರು. ಒಬ್ಬ ಹುಡುಗ ಜೊತೆಯವರು ಕೆಣಕಿದರೆ ಸಿಟ್ಟಾಗುತ್ತಾನೆ, ದೊಡ್ಡವರು ಗದರಿದರೆ ತೆಪ್ಪಗಿರುತ್ತಾನೆ. ಇನ್ನೊಬ್ಬ ಪೂರ್ತಿ ಉಲ್ಟಾ. ಇಬ್ಬರ ಸಿಟ್ಟಿನ ಸರಾಸರಿ ಒಂದೇ ಬಂದರೂ ಹುಡುಗರು ಬೇರೆ ಬೇರೆ. ಆದರೆ ಆಯಾ ಹುಡುಗನಲ್ಲಿ ಆ ‘ಹೀಗಾದರೆ ಹಾಗೆ’ ಅನ್ನುವ ಕ್ರಮ ಮತ್ತೆ ಮತ್ತೆ ಅದೇ ರೀತಿ ಕಾಣುತ್ತದೆ. ಮಿಷೆಲ್ ಮತ್ತು ಶೋಡಾ 1995ರಲ್ಲಿ ಇದನ್ನೇ ವ್ಯಕ್ತಿತ್ವದ ಗುರುತು ಅಂದರು. ನನ್ನ ಮಟ್ಟಿಗೆ ಇದು ಈ ವಿಷಯದಲ್ಲೇ ಅತ್ಯಂತ ಬೆಲೆಬಾಳುವ ಮಾತು. ಮನೆಮಂದಿಗೆ ನೇರ ಉಪಯೋಗಕ್ಕೆ ಬರುವುದೂ ಇದೇ.

2001ರಲ್ಲಿ ವಿಲಿಯಂ ಫ್ಲೀಸನ್ ಇನ್ನೊಂದು ತೋರಿಸಿದರು. ಜನ ದಿನಕ್ಕೆ ಹಲವು ಸಲ, ಆ ಹೊತ್ತಿಗೆ ತಾವು ಹೇಗೆ ನಡೆದುಕೊಳ್ಳುತ್ತಿದ್ದೇವೆ ಅಂತ ಬರೆದಿಟ್ಟರು. ಅಂತರ್ಮುಖಿ ಅನ್ನಿಸಿಕೊಂಡವರೂ ಎಷ್ಟೋ ಹೊತ್ತು ಬಹಿರ್ಮುಖಿಗಳ ಹಾಗೆಯೇ ಇದ್ದರು. ಗಣಪತಿ ಮಂಡಳದ ಮೈಕ್ ನಿಮಗೆ ಆಶ್ಚರ್ಯ ಆಗಬೇಕಿಲ್ಲ.

ಭಾಷೆಯ ವಿಷಯ ಮತ್ತೆ ಎತ್ತುತ್ತೇನೆ. ಮಂಡಳದಲ್ಲಿ ಅವನು ಮಾತಾಡುವುದು ಮರಾಠಿಯಲ್ಲಿ ಇರಬೇಕು. ನೆಂಟರ ಮನೆಯಲ್ಲಿ ಬೇಕಾಗುವುದು ಕನ್ನಡ, ಅದೂ ಕುಂದಾಪುರದ ಕನ್ನಡ. ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರ ಮೇಲೆ 2006ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಅದೇ ಜನ ಇಂಗ್ಲಿಷಿನಲ್ಲಿ ಪ್ರಶ್ನಾವಳಿ ತುಂಬಿದಾಗ ಹೆಚ್ಚು ಬಹಿರ್ಮುಖಿಗಳಾಗಿ ಕಂಡರು. ವ್ಯತ್ಯಾಸ ದೊಡ್ಡದಲ್ಲ, ಆದರೆ ಇತ್ತು. ಎರಡು, ಮೂರು ಭಾಷೆಗಳ ನಡುವೆ ಬೆಳೆದ ಮುಂಬಯಿ ಮಕ್ಕಳನ್ನು ಒಂದೇ ಭಾಷೆಯಲ್ಲಿ ನೋಡಿ ಅಳೆಯುವುದು ತಪ್ಪು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಅಂತರ್ಮುಖಿ ಅನ್ನುವುದಕ್ಕೂ ನಾಚಿಕೆಗೂ ವ್ಯತ್ಯಾಸ ಇದೆ ಅನ್ನುವುದನ್ನೂ ಗಮನಿಸಿ. ಅಂತರ್ಮುಖಿಗೆ ಜನಜಂಗುಳಿ ಅಷ್ಟಾಗಿ ಬೇಡ, ಒಬ್ಬನೇ ಇದ್ದರೆ ಹಾಯಾಗಿರುತ್ತಾನೆ. ನಾಚಿಕೆಯವನಿಗೆ ಜನ ಬೇಕು, ಆದರೆ ಏನಂದುಕೊಳ್ಳುತ್ತಾರೋ ಅನ್ನುವ ಭಯ. ಮೊದಲನೆಯದನ್ನು ಸರಿಮಾಡುವ ಅಗತ್ಯವೇ ಇಲ್ಲ. ಎರಡನೆಯದಕ್ಕೆ ಸಹಾಯ ಬೇಕು. ನಿಮ್ಮ ಮಗನದು ಯಾವುದು ಅಂತ ಅವನನ್ನೇ ಕೇಳಿ.

ಇನ್ನು ಅತ್ತೆಯವರ ಗಾದೆ. ಅವರು ಅರ್ಧ ಸರಿ. ಅವಳಿಗಳ ಮೇಲೆ, ಮುಖ್ಯವಾಗಿ ಥಾಮಸ್ ಬುಷಾರ್ಡ್ 1979ರಲ್ಲಿ ಮಿನೆಸೋಟಾದಲ್ಲಿ ಶುರು ಮಾಡಿದ, ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳ ಅಧ್ಯಯನದಿಂದ ತಿಳಿದ ಸಂಗತಿ ಇದು: ಸ್ವಭಾವದಲ್ಲಿ ಜನರ ನಡುವೆ ಇರುವ ವ್ಯತ್ಯಾಸದ ಸುಮಾರು 40ರಿಂದ 50 ಶೇಕಡಾ ವಂಶವಾಹಿಗಳಿಂದ ಬರುತ್ತದೆ. ನಿಮ್ಮ ಮಗನಲ್ಲಿ ಅರ್ಧ ಹುಟ್ಟಿನಿಂದ, ಅರ್ಧ ಮನೆಯಿಂದ ಅಂತ ಇದರ ಅರ್ಥವಲ್ಲ. ಇದು ಒಂದು ದೊಡ್ಡ ಜನಸಮೂಹದ ಲೆಕ್ಕ.

ಯಜಮಾನರಿಗೂ ಈ ಅಧ್ಯಯನಗಳಲ್ಲಿ ಉತ್ತರ ಇದೆ. ಒಂದೇ ಮನೆಯಲ್ಲಿ ಬೆಳೆದರು ಅನ್ನುವ ಕಾರಣಕ್ಕೆ ಅಣ್ಣತಂಗಿಯರ ಸ್ವಭಾವ ಹೆಚ್ಚೇನೂ ಹತ್ತಿರ ಬರುವುದಿಲ್ಲ. ಒಂದೇ ಅಡುಗೆ, ಒಂದೇ ಬೈಗುಳ, ಒಂದೇ ಅಮ್ಮ. ಆದರೂ ಮಗ ಹೀಗೆ, ಮಗಳು ಹಾಗೆ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ 1956ರಿಂದ ನ್ಯೂಯಾರ್ಕಿನಲ್ಲಿ ಮಕ್ಕಳನ್ನು ಹಸುಗೂಸಿನಿಂದಲೇ ನೋಡುತ್ತಾ ಬಂದರು. ಕೆಲವು ಮಕ್ಕಳು ಮೊದಲಿನಿಂದಲೂ ಹೊಸ ಜಾಗ, ಹೊಸ ಮುಖಕ್ಕೆ ನಿಧಾನವಾಗಿ ಒಗ್ಗುತ್ತಾರೆ. ಮಗುವಿನ ಸ್ವಭಾವಕ್ಕೂ ಮನೆಯವರ ನಿರೀಕ್ಷೆಗೂ ಎಷ್ಟು ಹೊಂದುತ್ತದೆ ಅನ್ನುವುದೇ ಮುಂದಿನ ನೆಮ್ಮದಿಗೆ ಮುಖ್ಯ ಅಂದರು ಅವರು. ನೀವು ಬೆಳೆಸಿದ್ದರಿಂದ ಮಗ ಮೌನಿಯಾದ ಅನ್ನಲು ಆಧಾರ ಇಲ್ಲ. ಅವನ ಮೌನವನ್ನು ಮನೆಯವರು ಹೇಗೆ ನೋಡಿಕೊಳ್ಳುತ್ತೀರಿ ಅನ್ನುವುದು ಮಾತ್ರ ನಿಮ್ಮ ಕೈಯಲ್ಲಿದೆ.

ಗಾದೆಯ ಇನ್ನರ್ಧ, ಅಂದರೆ ‘ಸುಟ್ಟರೂ ಹೋಗದು’ ಅನ್ನುವುದು ನಿಲ್ಲುವುದಿಲ್ಲ. ಬ್ರೆಂಟ್ ರಾಬರ್ಟ್ಸ್ ಮತ್ತು ಜೊತೆಗಾರರು 2006ರಲ್ಲಿ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ 92 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ಶಿಸ್ತು, ಜವಾಬ್ದಾರಿ, ಮನಸ್ಸಿನ ಸ್ಥಿರತೆ ವಯಸ್ಸಾದಂತೆ ಹೆಚ್ಚುತ್ತವೆ, ಅದರಲ್ಲೂ 20ರಿಂದ 40ರ ನಡುವೆ ಜಾಸ್ತಿ. ಬೇಕು ಅಂತ ಪ್ರಯತ್ನಪಟ್ಟರೂ ಸ್ವಲ್ಪ ಬದಲಾಗಬಹುದು. ನೇಥನ್ ಹಡ್ಸನ್ ಮತ್ತು ಕ್ರಿಸ್ ಫ್ರೇಲಿ 2015ರಲ್ಲಿ 16 ವಾರ ವಿದ್ಯಾರ್ಥಿಗಳನ್ನು ಗಮನಿಸಿ ಇದನ್ನು ಕಂಡರು. ‘ಇನ್ನು ಮೇಲೆ ಎಲ್ಲರ ಹತ್ತಿರ ಮಾತಾಡುತ್ತೇನೆ’ ಅನ್ನುವ ದೊಡ್ಡ ಸಂಕಲ್ಪಕ್ಕಿಂತ ‘ಇವತ್ತು ಲೆಕ್ಚರರ್ ಹತ್ತಿರ ಒಂದು ಪ್ರಶ್ನೆ ಕೇಳುತ್ತೇನೆ’ ಅನ್ನುವಂಥ ಸ್ಪಷ್ಟ ಕೆಲಸದಿಂದ ಲಾಭ ಹೆಚ್ಚು. ಕೆಲಸ ಒಪ್ಪಿಕೊಂಡು ಮಾಡದೆ ಬಿಟ್ಟರೆ ಪ್ರಯೋಜನ ಇಲ್ಲ ಅಂತ ಹಡ್ಸನ್ ತಂಡವೇ 2019ರಲ್ಲಿ ತೋರಿಸಿತು.

ಸೇಲ್ಸ್ ಕೆಲಸದ ಬಗ್ಗೆ ಅವನಿಗೆ ಇದನ್ನು ಓದಿಸಿ. ಆಡಮ್ ಗ್ರಾಂಟ್ 2013ರಲ್ಲಿ ಕಾಲ್ ಸೆಂಟರಿನ 340 ಮಾರಾಟಗಾರರನ್ನು ನೋಡಿದರು. ಹೆಚ್ಚು ಮಾರಿದವರು ಭಾರೀ ಬಹಿರ್ಮುಖಿಗಳಲ್ಲ, ನಡುವೆ ಇದ್ದವರು. ಗಿರಾಕಿ ಹೇಳುವುದನ್ನೂ ಕೇಳುವವರು ಅವರು ಅನ್ನುವುದು ಗ್ರಾಂಟ್ ಕೊಟ್ಟ ವಿವರಣೆ. ಬೇರೆ ಬೇರೆ ಉದ್ಯೋಗಗಳನ್ನೆಲ್ಲ ಸೇರಿಸಿ ನೋಡಿದ 1991ರ ಬ್ಯಾರಿಕ್ ಮತ್ತು ಮೌಂಟ್ ಅವರ ಲೆಕ್ಕದಲ್ಲಿ, ಎಲ್ಲ ಕಡೆಯೂ ಕೆಲಸಕ್ಕೆ ಬಂದ ಗುಣ ಶಿಸ್ತು ಮತ್ತು ಜವಾಬ್ದಾರಿ. ಅವನಿಗೆ ಸೇಲ್ಸ್ ಇಷ್ಟವಿಲ್ಲದಿದ್ದರೆ ಅದು ಬೇರೆ ಮಾತು. ಇಷ್ಟವಿಲ್ಲ ಅಂತಲೇ ಹೇಳಲಿ, ಅಕ್ಷರಗಳ ಹಿಂದೆ ನಿಲ್ಲುವುದು ಬೇಡ. ನೀವೂ ಅದನ್ನು ಒಪ್ಪಿಕೊಳ್ಳಿ.

ಈಗ ಮಾಡಬಹುದಾದದ್ದು. ಒಂದೆರಡು ವಾರ ಅವನಿಗೆ ಏನೂ ಹೇಳದೆ ಗಮನಿಸಿ. ಯಾರ ಮನೆ, ಎಷ್ಟು ಜನ, ಯಾವ ಭಾಷೆ, ಅವನಿಗೆ ಅಲ್ಲಿ ಒಂದು ಕೆಲಸ ಇತ್ತಾ ಇಲ್ಲವಾ. ಮೈಕ್ ಹಿಡಿಯುವುದು ಒಂದು ಕೆಲಸ. ಎಷ್ಟೋ ಮೌನಿಗಳು ಕೈಯಲ್ಲಿ ಕೆಲಸ ಇದ್ದರೆ ಸಲೀಸಾಗಿ ಮಾತಾಡುತ್ತಾರೆ. ಹಾಗೆ ಕಂಡರೆ ಮುಂದಿನ ಸತ್ಯನಾರಾಯಣ ಪೂಜೆಗೆ ಬಡಿಸುವ ಜವಾಬ್ದಾರಿ ಅವನಿಗೆ ಕೊಡಿ, ಸೋಫಾದ ಮೇಲೆ ಕೂರಿಸಿ ‘ಮಾತಾಡು ಮಗಾ’ ಅನ್ನಬೇಡಿ. ಅವನ ಕನ್ನಡಕ್ಕೆ ನಗುವವರನ್ನು ನೀವೇ ಮೆತ್ತಗೆ ತಡೆಯಿರಿ.

ಒಂದು ಎಚ್ಚರಿಕೆ ಮಾತ್ರ ಇರಲಿ. ಮೊದಲು ಗೆಳೆಯರ ಜೊತೆ ಚೆನ್ನಾಗಿದ್ದವನು ಅವರನ್ನೂ ಬಿಟ್ಟರೆ, ನಿದ್ದೆ, ಊಟ ಕೆಟ್ಟರೆ, ಕಾಲೇಜು ತಪ್ಪಿಸಲು ಶುರು ಮಾಡಿದರೆ, ಬದುಕೇ ಬೇಡ ಅನ್ನುವಂಥ ಮಾತು ಬಂದರೆ ಅದನ್ನು ಸ್ವಭಾವ ಅಂತ ಬಿಡಬೇಡಿ. ತಡ ಮಾಡದೆ ಮನೋವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಭಾಷೆ ಆರಿಸಿಕೊಳ್ಳಬಹುದು. ಅವನಿಗೆ ಮರಾಠಿಯೇ ಸಲೀಸು ಅಂದರೆ ಮರಾಠಿಯಲ್ಲೇ ಮಾತಾಡಲಿ.